ಸರ್ಕಾರವೇ ಬಾಕಿದಾರನಾದರೆ

1975ರ ಕೊನೆಯ ಹೊತ್ತಿಗೆ ನೈಜೀರಿಯಾದ ಲಾಗೋಸ್ ಬಂದರಿನ ಎದುರು ಕಣ್ಣು ಹಾಯಿಸಿದಲ್ಲೆಲ್ಲ ಹಡಗುಗಳು ಲಂಗರು ಹಾಕಿ ನಿಂತಿದ್ದವು. ನಾನೂರಕ್ಕೂ ಹೆಚ್ಚು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಹೊತ್ತು ತಂದದ್ದು ಸಿಮೆಂಟ್. ತೈಲದ ದುಡ್ಡು ಹರಿದು ಬರುತ್ತಿದ್ದ ಆ ದಿನಗಳಲ್ಲಿ ಅಲ್ಲಿನ ಸರ್ಕಾರ ಕಟ್ಟಡ, ರಸ್ತೆ, ಸೇನೆಯ ಬ್ಯಾರಕ್ಕುಗಳಿಗೆಂದು 68 ಮಾರಾಟಗಾರರ ಜೊತೆ 109 ಒಪ್ಪಂದ ಮಾಡಿಕೊಂಡು ಸುಮಾರು 1.6 ಕೋಟಿ ಟನ್ ಸಿಮೆಂಟಿಗೆ ಆರ್ಡರ್ ಕೊಟ್ಟಿತ್ತು. ಬಂದರು ವರ್ಷವಿಡೀ ದುಡಿದರೂ ಇಳಿಸಿಕೊಳ್ಳಬಲ್ಲದ್ದು ಅದರಲ್ಲಿ ಸಣ್ಣ ಪಾಲು. ಕಾದು ನಿಂತ ಪ್ರತಿ ದಿನಕ್ಕೂ ಹಡಗಿನವರಿಗೆ ಡೆಮರೇಜ್ ತೆರಬೇಕೆಂದು ಒಪ್ಪಂದದಲ್ಲಿತ್ತು. ಹಡಗಿನ ಹೊಟ್ಟೆಯಲ್ಲಿ ಸಿಮೆಂಟ್ ಕೂತಲ್ಲೇ ಕೂತಿತ್ತು, ಬಾಕಿ ಮಾತ್ರ ದಿನದಿನಕ್ಕೆ ಏರುತ್ತಿತ್ತು. ಆ ವರ್ಷವೇ ಅಧಿಕಾರಕ್ಕೆ ಬಂದಿದ್ದ ಹೊಸ ಸೇನಾ ಆಡಳಿತ ಕೈ ಎತ್ತಿಬಿಟ್ಟಿತು. ಹಣ ಪಾವತಿ ಮಾಡಕೂಡದೆಂದು ತನ್ನ ಸೆಂಟ್ರಲ್ ಬ್ಯಾಂಕಿಗೆ ಹೇಳಿತು.

ಮಾರಾಟಗಾರರು ಲಂಡನ್, ಫ್ರಾಂಕ್‌ಫರ್ಟ್, ನ್ಯೂಯಾರ್ಕ್‌ಗಳ ಕೋರ್ಟು ಮೆಟ್ಟಿಲು ಹತ್ತಿದರು. ಸಿಮೆಂಟ್ ಬಂದಿಲ್ಲ ಎಂದಾಗಲಿ ಸಾಲ ಇಲ್ಲ ಎಂದಾಗಲಿ ವಾದಿಸುವುದಕ್ಕೆ ಮೊದಲು ನೈಜೀರಿಯಾದ ಕಡೆಯಿಂದ ಬಂದ ಉತ್ತರ ಬೇರೆಯೇ ಇತ್ತು. ನಾವು ಸ್ವತಂತ್ರ ರಾಷ್ಟ್ರ, ಇನ್ನೊಂದು ದೇಶದ ನ್ಯಾಯಾಧೀಶರ ಮುಂದೆ ನಿಲ್ಲುವ ಬಾಧ್ಯತೆ ನಮಗಿಲ್ಲ, ನಮ್ಮ ಬ್ಯಾಂಕಿಗೂ ಇಲ್ಲ. ಇದನ್ನೇ ಸಾರ್ವಭೌಮ ವಿನಾಯಿತಿ ಎನ್ನುತ್ತಾರೆ. ರಾಯಭಾರಿಗಳನ್ನು ಬಂಧಿಸುವಂತಿಲ್ಲ, ರಾಯಭಾರ ಕಚೇರಿಗೆ ಪೊಲೀಸರು ನುಗ್ಗುವಂತಿಲ್ಲ ಎಂಬುದು ಬಹುತೇಕ ಎಲ್ಲರಿಗೂ ಗೊತ್ತಿರುವ ಸಂಗತಿ. ಸರ್ಕಾರವೊಂದು ಗಡಿಯಾಚೆಯ ಕಂಪನಿಯಿಂದ ಮಾಲು ಕೊಂಡು, ರಸ್ತೆ ಕಟ್ಟಿಸಿಕೊಂಡು, ಉಪಗ್ರಹ ಬಾಡಿಗೆಗೆ ಕೊಟ್ಟು, ಆಮೇಲೆ ಮಾತು ತಪ್ಪಿದರೆ ಏನಾಗುತ್ತದೆ ಎಂಬುದು ಅಷ್ಟು ಪರಿಚಿತವಲ್ಲ. ಭಾರತ ಈ ಜಗಳದಲ್ಲಿ ಬಾಕಿದಾರನ ಜಾಗದಲ್ಲೂ ನಿಂತಿದೆ, ಬಾಕಿ ಬರಬೇಕಾದವರ ಜಾಗದಲ್ಲೂ ನಿಂತಿದೆ. ಆದರೂ ಈ ವಿಷಯಕ್ಕೆ ನಮ್ಮಲ್ಲಿ ಒಂದು ನೇರವಾದ ಕಾನೂನಿಲ್ಲ. ಅದು ಬೇಕು ಎಂಬುದು ಈ ಲೇಖನದ ವಾದ.

ದೊರೆಯ ಮೇಲೆ ದಾವೆಯೇ?

ವಿನಾಯಿತಿಯ ಕಥೆ ಶುರುವಾಗುವುದೂ ಒಂದು ಹಡಗಿನಿಂದಲೇ. ಅಮೆರಿಕದ ಇಬ್ಬರು ವರ್ತಕರಿಗೆ ಸೇರಿದ ‘ಎಕ್ಸ್‌ಚೇಂಜ್’ ಎಂಬ ಹಾಯಿಹಡಗನ್ನು 1810ರಲ್ಲಿ ನೆಪೋಲಿಯನ್ನನ ಪಡೆ ವಶಪಡಿಸಿಕೊಂಡಿತು. ಮರುವರ್ಷ ಅದೇ ಹಡಗು ಬೇರೆ ಹೆಸರು ಹೊತ್ತು, ಫ್ರೆಂಚ್ ಯುದ್ಧನೌಕೆಯಾಗಿ, ಫಿಲಡೆಲ್ಫಿಯಾ ಬಂದರಿಗೆ ಬಂತು. ಮಾಲೀಕರು ಗುರುತು ಹಿಡಿದು ಕೋರ್ಟಿಗೆ ಹೋದರು. 1812ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹಡಗು ಕೊಡಿಸಲಿಲ್ಲ. ಒಬ್ಬ ಸಾರ್ವಭೌಮ ಇನ್ನೊಬ್ಬ ಸಾರ್ವಭೌಮನ ನೆಲಕ್ಕೆ ಸ್ನೇಹದಿಂದ ಬಂದಾಗ ಅವನನ್ನು ಅಲ್ಲಿನ ನ್ಯಾಯಾಲಯಕ್ಕೆ ಎಳೆಯುವಂತಿಲ್ಲ ಎಂದಿತು. ಯುದ್ಧನೌಕೆಗಳ ಕಾಲಕ್ಕೆ ಈ ತರ್ಕ ಸರಿಯಾಗಿಯೇ ಹೊಂದುತ್ತಿತ್ತು. ಆಗಿನ ದೊರೆಗಳು ಹೊರದೇಶದಲ್ಲಿ ಮಾಡುತ್ತಿದ್ದದ್ದು ಯುದ್ಧ, ಸಂಧಿ, ರಾಯಭಾರ ಇಷ್ಟೇ.

ಇಪ್ಪತ್ತನೆಯ ಶತಮಾನದಲ್ಲಿ ಸರ್ಕಾರಗಳು ರೈಲು ಓಡಿಸತೊಡಗಿದವು, ಹಡಗು ಕಂಪನಿ ನಡೆಸಿದವು, ಸಕ್ಕರೆ, ತೈಲ, ಗೋಧಿ ಮಾರಿದವು, ಬಾಂಡ್ ಹೊರಡಿಸಿ ಸಾಲ ಎತ್ತಿದವು. ಅಂಗಡಿ ಇಟ್ಟವನೇ ಬಾಕಿ ಕೇಳಿದಾಗ ಕಿರೀಟ ತೋರಿಸಿದರೆ ಹೇಗೆ ಎಂಬ ಪ್ರಶ್ನೆ ಎದ್ದದ್ದು ಆಗ. ಅಮೆರಿಕದ ವಿದೇಶಾಂಗ ಇಲಾಖೆ 1952ರಲ್ಲಿ ನಿಲುವು ಬದಲಿಸಿತು. 1976ರಲ್ಲಿ ಅಲ್ಲಿ ಕಾಯ್ದೆಯೇ ಬಂತು, 1978ರಲ್ಲಿ ಬ್ರಿಟನ್ನಿನಲ್ಲಿ. ಆಡಳಿತಗಾರನಾಗಿ ಮಾಡಿದ ಕೆಲಸಕ್ಕೆ ವಿನಾಯಿತಿ ಉಂಟು, ವ್ಯಾಪಾರಿಯಾಗಿ ಮಾಡಿದ ಕೆಲಸಕ್ಕೆ ಇಲ್ಲ ಎಂಬುದು ಈ ಕಾಯ್ದೆಗಳ ತಿರುಳು. ಲಾಗೋಸ್ ಪ್ರಕರಣಗಳಲ್ಲೊಂದು ಲಂಡನ್ನಿನಲ್ಲಿ ತೀರ್ಮಾನವಾದದ್ದು 1977ರ ಜನವರಿಯಲ್ಲಿ, ಬ್ರಿಟಿಷ್ ಕಾಯ್ದೆ ಬರುವುದಕ್ಕೂ ಮೊದಲು. 2,40,000 ಟನ್ ಸಿಮೆಂಟಿನ ಬಾಬತ್ತು ಕೇಳಿ ಸ್ವಿಸ್ ಕಂಪನಿಯೊಂದು ಹೂಡಿದ ದಾವೆ ಅದು. ಸಿಮೆಂಟ್ ಬೇಕಾಗಿದ್ದದ್ದು ಸೇನೆಯ ಬ್ಯಾರಕ್ಕುಗಳಿಗೆ, ಆದ್ದರಿಂದ ಇದು ದೇಶರಕ್ಷಣೆಯ ವ್ಯವಹಾರ ಎಂಬ ವಾದವನ್ನು ನ್ಯಾಯಾಧೀಶ ಲಾರ್ಡ್ ಡೆನ್ನಿಂಗ್ ಒಪ್ಪಲಿಲ್ಲ. ಕೊಂಡದ್ದು ಯಾತಕ್ಕೆ ಎಂದು ಕೋರ್ಟು ಕೇಳಬೇಕಿಲ್ಲ, ಕೊಂಡ ರೀತಿ ವ್ಯಾಪಾರದ್ದೇ ಎಂದಷ್ಟೇ ನೋಡಿದರೆ ಸಾಕು ಎಂಬ ನಿಲುವು ಅಲ್ಲಿಂದ ಗಟ್ಟಿಯಾಯಿತು.

ಈ ಗೆರೆ ಹೇಳಿದಷ್ಟು ಸುಲಭವಾಗಿ ಬೀಳುವುದಿಲ್ಲ. ಚಿಲಿಯಲ್ಲಿ 1973ರಲ್ಲಿ ಅಯೆಂದೆ ಸರ್ಕಾರ ಉರುಳಿದಾಗ, ಚಿಲಿಯ ಕಂಪನಿಗೆ ಮಾರಾಟವಾಗಿದ್ದ ಸಕ್ಕರೆ ಹೊತ್ತ ಹಡಗುಗಳನ್ನು ಕ್ಯೂಬಾ ಅರ್ಧದಾರಿಯಲ್ಲಿ ತಿರುಗಿಸಿತು. ಕಾರಣ ನೂರಕ್ಕೆ ನೂರು ರಾಜಕೀಯ. ಆದರೂ 1981ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ವಿನಾಯಿತಿ ಕೊಡಲಿಲ್ಲ. ವ್ಯಾಪಾರಕ್ಕೆ ಇಳಿದ ಮೇಲೆ ಹಡಗಿನ ಮಾಲೀಕ ಮಾಡಬಹುದಾದ ತಪ್ಪನ್ನೇ ಸರ್ಕಾರ ಮಾಡಿದೆ, ಅದರ ಹಿಂದಿನ ಉದ್ದೇಶ ದೊಡ್ಡದೆಂಬ ಕಾರಣಕ್ಕೆ ತಪ್ಪಿನ ಜಾತಿ ಬದಲಾಗುವುದಿಲ್ಲ ಎಂಬುದು ಆ ತೀರ್ಪಿನ ಸಾರ. ಮೂಲಸೌಕರ್ಯದ ಒಪ್ಪಂದಗಳಲ್ಲಿ ಈ ತೊಡಕು ಇನ್ನೂ ಹೆಚ್ಚು. ಟೋಲ್ ರಸ್ತೆಗೋ ವಿಮಾನ ನಿಲ್ದಾಣಕ್ಕೋ ಸಹಿ ಹಾಕುವಾಗ ಸರ್ಕಾರ ಪಾಲುದಾರ, ರದ್ದು ಮಾಡುವಾಗ ಸಾರ್ವಜನಿಕ ಹಿತ ಕಾಯುವ ಯಜಮಾನ. ಸಹಿ ಹಾಕುವುದು ಎಡಗೈ, ಅಳಿಸುವುದು ಬಲಗೈ. ಎರಡೂ ಒಂದೇ ಮೈಯವು ಎಂದು ಕೋರ್ಟು ನೆನಪಿಸಬೇಕಾಗುತ್ತದೆ.

ಗೆದ್ದ ಮೇಲೆ ಶುರುವಾಗುವ ಕಷ್ಟ

ಭಾರತದಲ್ಲಿ ದಾವೆದಾರನ ಕಷ್ಟ ಆರಂಭವಾಗುವುದೇ ಡಿಕ್ರಿ ಸಿಕ್ಕ ಮೇಲೆ ಎಂಬ ಅರ್ಥದ ಮಾತನ್ನು ಪ್ರಿವಿ ಕೌನ್ಸಿಲ್ 1872ರಲ್ಲೇ ಆಡಿತ್ತು. ವಿದೇಶಿ ಸರ್ಕಾರಗಳ ವಿಷಯದಲ್ಲಿ ಅದು ಜಗತ್ತಿಗೇ ಅನ್ವಯಿಸುತ್ತದೆ. ವಿನಾಯಿತಿ ಎರಡು ಘಟ್ಟಗಳಲ್ಲಿ ಎದುರಾಗುತ್ತದೆ. ವಿಚಾರಣೆಯ ಘಟ್ಟದಲ್ಲಿ ಕಳೆದ ಅರ್ಧ ಶತಮಾನದಲ್ಲಿ ಬಾಗಿಲು ಸಾಕಷ್ಟು ತೆರೆದಿದೆ. ವಸೂಲಿಯ ಘಟ್ಟದಲ್ಲಿ ಅದು ಬಹುಮಟ್ಟಿಗೆ ಮುಚ್ಚಿಯೇ ಇದೆ. ರಾಯಭಾರ ಕಚೇರಿಗೆ 1961ರ ವಿಯೆನ್ನಾ ಒಪ್ಪಂದದ ರಕ್ಷಣೆಯಿದೆ. ಸೇನೆಯ ಆಸ್ತಿ ಮುಟ್ಟುವಂತಿಲ್ಲ. ಕೇಂದ್ರ ಬ್ಯಾಂಕಿನ ಮೀಸಲು ಹಣಕ್ಕೂ ಬಹುತೇಕ ಕಡೆ ರಕ್ಷಣೆಯಿದೆ. ರಾಯಭಾರ ಕಚೇರಿಯ ಬ್ಯಾಂಕ್ ಖಾತೆಯಿಂದ ವ್ಯಾಪಾರದ ಬಿಲ್ಲುಗಳನ್ನೂ ಕಟ್ಟುತ್ತಾರಲ್ಲ, ಅದನ್ನಾದರೂ ಹಿಡಿಯಬಹುದೇ ಎಂದು ಕೊಲಂಬಿಯಾಗೆ ಭದ್ರತಾ ಸಲಕರಣೆ ಪೂರೈಸಿ ಹಣ ಬಾರದೆ ಕಾದಿದ್ದ ಕಂಪನಿಯೊಂದು ಲಂಡನ್ನಿನಲ್ಲಿ ಪ್ರಯತ್ನಿಸಿತು. 1984ರಲ್ಲಿ ಅದಕ್ಕೂ ಇಲ್ಲ ಎಂಬ ಉತ್ತರ ಬಂತು. ಖಾತೆಯ ಹಣ ಪೂರ್ತಿಯಾಗಿ ವ್ಯಾಪಾರಕ್ಕೇ ಮೀಸಲು ಎಂದು ತೋರಿಸದ ಹೊರತು ಮುಟ್ಟುವಂತಿಲ್ಲ.

ಹೀಗಾಗಿ ತೀರ್ಪು ಗೆದ್ದವರು ಪತ್ತೇದಾರರಂತೆ ಊರೂರು ಅಲೆದು, ಸರ್ಕಾರದ ಹೆಸರಿನಲ್ಲಿ ಎಲ್ಲಿ ಏನಿದೆ ಎಂದು ಹುಡುಕುತ್ತಾರೆ. 2011ರ ಜುಲೈನಲ್ಲಿ ಮ್ಯೂನಿಕ್ ವಿಮಾನ ನಿಲ್ದಾಣದಲ್ಲಿ ಥಾಯ್ಲೆಂಡಿನ ಯುವರಾಜ, ಈಗಿನ ದೊರೆ, ಬಳಸುತ್ತಿದ್ದ ಬೋಯಿಂಗ್ 737 ವಿಮಾನ ಜಪ್ತಿಯಾಯಿತು. ಹಿಂದಿನ ಕಾರಣ ಬ್ಯಾಂಕಾಕ್‌ನಿಂದ ಡಾನ್ ಮುಯಾಂಗ್ ವಿಮಾನ ನಿಲ್ದಾಣದ ಕಡೆಗೆ ಹೋಗುವ ಒಂದು ಟೋಲ್ ರಸ್ತೆ. ಅದರಲ್ಲಿ ಬಂಡವಾಳ ಹೂಡಿದ್ದ ಜರ್ಮನ್ ಕಂಪನಿ ವಾಲ್ಟರ್ ಬೌ, ಟೋಲ್ ದರದ ವಿಷಯದಲ್ಲಿ ಥಾಯ್ ಸರ್ಕಾರ ಮಾತಿಗೆ ತಪ್ಪಿತೆಂದು ಮಧ್ಯಸ್ಥಿಕೆ ಮಂಡಳಿಯ ಮುಂದೆ 2009ರಲ್ಲಿ ಗೆದ್ದಿತ್ತು. ಆ ಹೊತ್ತಿಗೆ ಕಂಪನಿಯೇ ದಿವಾಳಿಯಾಗಿತ್ತು. ಅದರ ಲಿಕ್ವಿಡೇಟರ್ ಸುಮಾರು 3 ಕೋಟಿ ಯುರೋ ವಸೂಲಿಗೆ ಹೊರಟು ಕಂಡದ್ದು ಈ ವಿಮಾನವನ್ನು. ಅದು ಸರ್ಕಾರದ್ದಲ್ಲ, ಯುವರಾಜರ ಸ್ವಂತದ್ದು, ವಾಯುಸೇನೆ ಅವರಿಗೆ ಉಡುಗೊರೆಯಾಗಿ ಕೊಟ್ಟದ್ದು ಎಂದು ಥಾಯ್ಲೆಂಡ್ ಹೇಳಿತು. ಕಡೆಗೆ 3.8 ಕೋಟಿ ಯುರೋ ಗ್ಯಾರಂಟಿಯ ಮೇಲೆ ವಿಮಾನ ಹೊರಟಿತು. ಮರುವರ್ಷ ಅಕ್ಟೋಬರಿನಲ್ಲಿ ಅರ್ಜೆಂಟೀನಾದ ನೌಕಾಪಡೆಯ ತರಬೇತಿ ಹಡಗು ‘ಲಿಬರ್ತಾದ್’ ಘಾನಾದ ತೆಮಾ ಬಂದರಿನಲ್ಲಿ ಸಿಕ್ಕಿಬಿತ್ತು. 2001ರಲ್ಲಿ ಆ ದೇಶ ಕಟ್ಟದೆ ಬಿಟ್ಟ ಬಾಂಡುಗಳನ್ನು ಅಗ್ಗಕ್ಕೆ ಕೊಂಡಿದ್ದ ಅಮೆರಿಕದ ಫಂಡ್ ಒಂದು ಅದನ್ನು ಹಿಡಿಸಿತ್ತು. ಯುದ್ಧನೌಕೆಯನ್ನು ಹಿಡಿಯುವಂತಿಲ್ಲ ಎಂದು ಸಮುದ್ರ ಕಾನೂನಿನ ಅಂತರರಾಷ್ಟ್ರೀಯ ನ್ಯಾಯಮಂಡಳಿ ಡಿಸೆಂಬರ್ 15ರಂದು ಬಿಡುಗಡೆಗೆ ಆದೇಶಿಸಿತು.

ಇದೆಲ್ಲ ದೂರದ ಕಥೆ ಎನಿಸಿದರೆ ನಮ್ಮ ಜಿಲ್ಲಾ ಪುಟಗಳನ್ನು ನೋಡಿ. ಭೂಸ್ವಾಧೀನದ ಪರಿಹಾರ ಕೊಡದ ಉಪವಿಭಾಗಾಧಿಕಾರಿ ಕಚೇರಿಗೆ ಕೋರ್ಟಿನ ಅಮೀನರು ವಾರಂಟ್ ಹಿಡಿದು ಬಂದು, ಕುರ್ಚಿ, ಕಂಪ್ಯೂಟರ್ ಹೊರಗಿಟ್ಟು, ಸಾಹೇಬರ ಜೀಪನ್ನೂ ಜಪ್ತಿ ಮಾಡಿದ ಸುದ್ದಿ ಕರ್ನಾಟಕದಲ್ಲಿ ಹೊಸದಲ್ಲ. ನಮ್ಮದೇ ಸರ್ಕಾರದ ವಿರುದ್ಧ ಡಿಕ್ರಿಯಾಗಿ ಮೂರು ತಿಂಗಳಾದರೂ ಹಣ ಬಾರದಿದ್ದರೆ ಅಮಲ್ಜಾರಿಗೆ ಹೋಗಬಹುದು ಎನ್ನುತ್ತದೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 82ನೇ ಕಲಂ. ಇದರಿಂದ ಸರ್ಕಾರದ ಮಾನ ಹೋಯಿತೆಂದು ಯಾರೂ ಕಾಯ್ದೆ ತಿದ್ದಲು ಹೋಗಿಲ್ಲ. ಜೀಪು ಹೋದ ಮೇಲೆ ಕಡತ ಮಾತ್ರ ಚುರುಕಾಗಿ ಓಡಾಡುತ್ತದೆ.

ಬೆಂಗಳೂರಿನ ಒಪ್ಪಂದ, ಪ್ಯಾರಿಸ್‌ನ ಫ್ಲ್ಯಾಟ್

ಈ ಕಾನೂನಿನ ಎಲ್ಲ ಮುಖಗಳನ್ನೂ ಒಟ್ಟಿಗೆ ನೋಡಲು ಸಿಗುವ ಪ್ರಕರಣ ಹುಟ್ಟಿದ್ದು ಬೆಂಗಳೂರಿನಲ್ಲಿ. ಇಸ್ರೋದ ವಾಣಿಜ್ಯ ಅಂಗವಾದ ಆಂಟ್ರಿಕ್ಸ್ 2005ರ ಜನವರಿ 28ರಂದು ದೇವಾಸ್ ಮಲ್ಟಿಮೀಡಿಯಾ ಎಂಬ ಹೊಸ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತು. ಜಿಸ್ಯಾಟ್-6 ಮತ್ತು 6ಎ ಉಪಗ್ರಹಗಳ ಎಸ್-ಬ್ಯಾಂಡ್ ಸಾಮರ್ಥ್ಯದ ಬಹುಭಾಗವನ್ನು ದೇವಾಸ್‌ಗೆ ಗುತ್ತಿಗೆ ಕೊಡುವುದು, ಅದು ಮೊಬೈಲ್ ಸಾಧನಗಳಿಗೆ ವಿಡಿಯೊ, ಇಂಟರ್ನೆಟ್ ಸೇವೆ ಕೊಡುವುದು ಎಂದು ಲೆಕ್ಕ. 2011ರ ಫೆಬ್ರವರಿಯಲ್ಲಿ ಕೇಂದ್ರ ಸಂಪುಟದ ಭದ್ರತಾ ಸಮಿತಿ, ಆ ತರಂಗಗುಚ್ಛ ರಕ್ಷಣೆ ಮತ್ತಿತರ ದೇಶದ ಅಗತ್ಯಗಳಿಗೆ ಬೇಕು ಎಂದು ಒಪ್ಪಂದವನ್ನು ರದ್ದು ಮಾಡಿಸಿತು. ಅದು 2ಜಿ ಹಗರಣದ ಕಾವಿನ ಕಾಲ ಎಂಬುದನ್ನೂ ನೆನೆಯಬೇಕು.

ಜಗಳ ಮೂರು ದಿಕ್ಕಿಗೆ ಹರಿಯಿತು. ಒಪ್ಪಂದದ ಮೇಲಿನ ಮಧ್ಯಸ್ಥಿಕೆಯಲ್ಲಿ ಆಂಟ್ರಿಕ್ಸ್ 56.25 ಕೋಟಿ ಡಾಲರ್ ಮತ್ತು ಬಡ್ಡಿ ಕೊಡಬೇಕೆಂದು 2015ರ ಸೆಪ್ಟೆಂಬರಿನಲ್ಲಿ ತೀರ್ಪಾಯಿತು. ಮಾರಿಷಸ್ ಮೂಲಕ ಹಣ ಹೂಡಿದ್ದವರು ಮತ್ತು ಜರ್ಮನಿಯ ಡಾಯ್ಚ ಟೆಲಿಕಾಂ, ಹೂಡಿಕೆ ರಕ್ಷಣೆಯ ಒಪ್ಪಂದಗಳ ಅಡಿಯಲ್ಲಿ ಭಾರತ ಸರ್ಕಾರದ ಮೇಲೆಯೇ ಹೋಗಿ ಗೆದ್ದರು. ಮಾರಿಷಸ್ ಹೂಡಿಕೆದಾರರ ಪ್ರಕರಣದಲ್ಲಿ ನ್ಯಾಯಮಂಡಳಿ ಕುತೂಹಲಕರವಾದ ಒಂದು ಕೆಲಸ ಮಾಡಿತು. ತರಂಗಗುಚ್ಛದ ಶೇ 60ರಷ್ಟನ್ನು ಸೇನೆಯ ಅಗತ್ಯಕ್ಕೆ ಪಡೆದದ್ದು ದೇಶರಕ್ಷಣೆಯ ಕ್ರಮ, ಅದಕ್ಕೆ ಪರಿಹಾರ ಕೊಡಬೇಕಿಲ್ಲ, ಉಳಿದ ಶೇ 40ಕ್ಕೆ ಕೊಡಬೇಕು ಎಂದಿತು. ಆಡಳಿತ ಮತ್ತು ವ್ಯಾಪಾರ ಒಂದೇ ಆದೇಶದೊಳಗೆ ಹೇಗೆ ಹೆಣೆದುಕೊಂಡಿರುತ್ತವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಲೆಕ್ಕ ಸಿಗಲಾರದು.

ಈಚೆ ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿ 2021ರ ಮೇ ತಿಂಗಳಲ್ಲಿ, ದೇವಾಸ್ ವಂಚನೆಯ ಉದ್ದೇಶದಿಂದಲೇ ಹುಟ್ಟಿದ ಕಂಪನಿ ಎಂದು ಅದನ್ನು ಮುಚ್ಚಲು ಆದೇಶಿಸಿತು. ಸುಪ್ರೀಂ ಕೋರ್ಟ್ 2022ರ ಜನವರಿ 17ರಂದು ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ಆಗಸ್ಟಿನಲ್ಲಿ ದೆಹಲಿ ಹೈಕೋರ್ಟ್ 2015ರ ತೀರ್ಪನ್ನೇ ತಳ್ಳಿಹಾಕಿತು. ಆದರೆ ಗಡಿಯಾಚೆ ಆ ತೀರ್ಪಿನ ಓಟ ನಿಲ್ಲಲಿಲ್ಲ. ಸಿಯಾಟಲ್‌ನ ನ್ಯಾಯಾಲಯ 2020ರಲ್ಲೇ ಬಡ್ಡಿ ಸೇರಿ ಸುಮಾರು 129 ಕೋಟಿ ಡಾಲರ್‌ಗೆ ಅದನ್ನು ಊರ್ಜಿತಗೊಳಿಸಿತ್ತು. ಆಂಟ್ರಿಕ್ಸ್‌ಗೆ ಅಮೆರಿಕದ ಜೊತೆ ಸಾಕಷ್ಟು ಸಂಬಂಧವಿಲ್ಲ ಎಂದು ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಪಡಿಸಿತು. 2025ರ ಜೂನ್ 5ರಂದು ಅಮೆರಿಕದ ಸುಪ್ರೀಂ ಕೋರ್ಟ್, 1976ರ ಕಾಯ್ದೆ ಅಂಥ ಸಂಬಂಧವನ್ನು ಕೇಳುವುದೇ ಇಲ್ಲ ಎಂದು ಒಮ್ಮತದಿಂದ ಹೇಳಿ, ಉಳಿದ ಪ್ರಶ್ನೆಗಳ ವಿಚಾರಣೆಗೆ ಪ್ರಕರಣವನ್ನು ಕೆಳಗೆ ಕಳಿಸಿತು. ಅದೇ ವರ್ಷ ಇಂಗ್ಲೆಂಡಿನ ಹೈಕೋರ್ಟ್ ಭಾರತಕ್ಕೆ ಅನುಕೂಲವಾದ ಮಾತು ಹೇಳಿತು. ಮಧ್ಯಸ್ಥಿಕೆಯ ತೀರ್ಪುಗಳನ್ನು ಪರಸ್ಪರ ಮನ್ನಿಸುವ 1958ರ ನ್ಯೂಯಾರ್ಕ್ ಒಪ್ಪಂದಕ್ಕೆ ಸೇರಿದ ಮಾತ್ರಕ್ಕೆ ಒಂದು ದೇಶ ವಿನಾಯಿತಿ ಬಿಟ್ಟುಕೊಟ್ಟಂತಲ್ಲ ಎಂದಿತು. ಒಂದೇ ಜಗಳಕ್ಕೆ ಊರಿಗೊಂದು ಉತ್ತರ.

ಇದರ ನಡುವೆ ವಸೂಲಿಯ ಬೇಟೆಯೂ ನಡೆದಿತ್ತು. 2021ರ ಕೊನೆಯಲ್ಲಿ ಪ್ಯಾರಿಸ್‌ನಲ್ಲಿ ಭಾರತ ಸರ್ಕಾರಕ್ಕೆ ಸೇರಿದ ಒಂದು ಫ್ಲ್ಯಾಟಿನ ಮೇಲೆ ಜಪ್ತಿ ಆದೇಶ ಬಿತ್ತು. ಕೆನಡಾದಲ್ಲಿ, ಅಂತರರಾಷ್ಟ್ರೀಯ ವಿಮಾನಯಾನ ಸಂಘ ಐಯಾಟಾದ ಬಳಿ ಏರ್ ಇಂಡಿಯಾದ ಮತ್ತು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ಲೆಕ್ಕಕ್ಕೆ ಜಮೆಯಾಗಿದ್ದ ಹಣ ಸಿಕ್ಕಿಕೊಂಡಿತು. ಪ್ರಾಧಿಕಾರದ ಹಣವನ್ನು ಕ್ವಿಬೆಕ್ ನ್ಯಾಯಾಲಯ ಮುಂದಿನ ತಿಂಗಳುಗಳಲ್ಲಿ ವಿನಾಯಿತಿಯ ಆಧಾರದ ಮೇಲೆ ಬಿಡಿಸಿತು.

ಮುರಿದವರು ಯಾರೋ, ತೆತ್ತವರು ಯಾರೋ

ಉಪಗ್ರಹದ ಒಪ್ಪಂದಕ್ಕೂ ಏರ್ ಇಂಡಿಯಾದ ಟಿಕೆಟ್ ಹಣಕ್ಕೂ ಏನು ಸಂಬಂಧ? ಏನೂ ಇಲ್ಲ. ಈಗಿನ ವ್ಯವಸ್ಥೆಯ ದೋಷ ಇರುವುದೇ ಅಲ್ಲಿ. ಮಾತು ತಪ್ಪಿದ ಇಲಾಖೆಯ ಆಸ್ತಿ ವಿದೇಶದಲ್ಲಿ ಇದ್ದರೂ ಅದಕ್ಕೆ ವಿನಾಯಿತಿಯ ಕವಚವಿದೆ. ಹೊರಗೆ ಬಯಲಲ್ಲಿ ನಿಂತಿರುವವರು ಆ ದೇಶದ ವಿಮಾನ ಕಂಪನಿ, ತೈಲ ಕಂಪನಿ, ಹಡಗು ಕಂಪನಿ. ಸಾಲ ಕೊಟ್ಟವರು ಅವರ ಮೇಲೆ ಬೀಳುತ್ತಾರೆ. ಸರ್ಕಾರದ ಕಂಪನಿಯೂ ಸರ್ಕಾರವೂ ಕಾನೂನಿನ ಕಣ್ಣಿನಲ್ಲಿ ಬೇರೆ ಬೇರೆ ವ್ಯಕ್ತಿಗಳು ಎಂಬುದು ಸಾಮಾನ್ಯ ನಿಯಮ. ಸರ್ಕಾರ ಕಂಪನಿಯನ್ನು ತನ್ನ ಜೇಬಿನಂತೆಯೇ ಬಳಸುತ್ತಿದೆ ಎಂದು ತೋರಿಸಿದರೆ ಆ ಪರದೆ ಹರಿಯುತ್ತದೆ. ಚಿನ್ನದ ಗಣಿ ಕಳೆದುಕೊಂಡ ಕೆನಡಾದ ಕ್ರಿಸ್ಟಲೆಕ್ಸ್ ಕಂಪನಿ ವೆನೆಜುವೆಲಾದ ವಿರುದ್ಧ ಪಡೆದ ತೀರ್ಪಿಗಾಗಿ, ಆ ದೇಶದ ತೈಲ ಕಂಪನಿಯ ಅಮೆರಿಕದ ಆಸ್ತಿಯವರೆಗೆ ಕೈ ಚಾಚಿದ್ದು ಈ ದಾರಿಯಲ್ಲೇ. ಡೆಲವೇರ್‌ನ ನ್ಯಾಯಾಲಯ 2018ರಲ್ಲಿ ಅದನ್ನು ಒಪ್ಪಿತು.

ಬ್ರಿಟನ್ನಿನ ತೈಲ ಕಂಪನಿ ಕೇರ್ನ್ ಎನರ್ಜಿಯೂ ಇದೇ ಹಾದಿ ಹಿಡಿದಿತ್ತು. 2012ರಲ್ಲಿ ಹಿಂದಿನ ವ್ಯವಹಾರಗಳಿಗೂ ಅನ್ವಯಿಸುವಂತೆ ತಂದ ತೆರಿಗೆ ತಿದ್ದುಪಡಿಯ ಮೇಲೆ ಎದ್ದ ಜಗಳದಲ್ಲಿ, ಭಾರತ 120 ಕೋಟಿ ಡಾಲರ್ ಮತ್ತು ಬಡ್ಡಿ, ಖರ್ಚು ಕೊಡಬೇಕೆಂದು 2020ರ ಡಿಸೆಂಬರಿನಲ್ಲಿ ಮಧ್ಯಸ್ಥಿಕೆ ಮಂಡಳಿ ಹೇಳಿತು. 2021ರ ಮೇ ತಿಂಗಳಲ್ಲಿ ಕೇರ್ನ್, ಏರ್ ಇಂಡಿಯಾ ಎಂದರೆ ಭಾರತ ಸರ್ಕಾರವೇ ಎಂದು ಘೋಷಿಸುವಂತೆ ನ್ಯೂಯಾರ್ಕ್‌ನಲ್ಲಿ ದಾವೆ ಹೂಡಿತು. ಜೂನ್‌ನಲ್ಲಿ ಪ್ಯಾರಿಸ್‌ನಲ್ಲಿ ಭಾರತದ ಸುಮಾರು 20 ಆಸ್ತಿಗಳ ಮೇಲೆ ತಡೆ ತಂದಿತು. ಆಗಸ್ಟ್‌ನಲ್ಲಿ ಸಂಸತ್ತು ಆ ತೆರಿಗೆಯನ್ನು ಕೈಬಿಟ್ಟಿತು. ಮುಂದೆ ಸುಮಾರು 7,900 ಕೋಟಿ ರೂಪಾಯಿ ಕಂಪನಿಗೆ ವಾಪಸಾಯಿತು. ಸರ್ಕಾರ ಇದನ್ನು ಹೂಡಿಕೆದಾರರಲ್ಲಿ ವಿಶ್ವಾಸ ಮೂಡಿಸುವ ಕ್ರಮ ಎಂದಿತು, ಅದರಲ್ಲಿ ನಿಜವೂ ಇರಬಹುದು. ಆದರೆ ಏರ್ ಇಂಡಿಯಾವನ್ನು ಮಾರಲು ಸರ್ಕಾರ ಸಿದ್ಧವಾಗುತ್ತಿದ್ದದ್ದೂ ಆ ತಿಂಗಳುಗಳಲ್ಲೇ. ನ್ಯೂಯಾರ್ಕ್‌ನ ದಾವೆಯನ್ನು ತಲೆಯ ಮೇಲೆ ಹೊತ್ತ ಕಂಪನಿಗೆ ಒಳ್ಳೆಯ ಗಿರಾಕಿ ಸಿಗುವುದು ಕಷ್ಟ ಎಂಬುದನ್ನು ಲೆಕ್ಕ ಹಾಕಲು ದೊಡ್ಡ ಪಂಡಿತರು ಬೇಕಿರಲಿಲ್ಲ.

86ನೇ ಕಲಮಿನ ಅಪ್ಪಣೆ

ಈಗ ಎದುರು ಬದಿಯಿಂದ ನೋಡೋಣ. ವಿದೇಶಿ ಸರ್ಕಾರವೊಂದು ಭಾರತೀಯನಿಗೆ ಬಾಕಿ ಉಳಿಸಿಕೊಂಡರೆ? ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 86ನೇ ಕಲಂ, ಕೇಂದ್ರ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ವಿದೇಶಿ ರಾಷ್ಟ್ರದ ಮೇಲೆ ದಾವೆ ಹೂಡುವಂತಿಲ್ಲ ಎನ್ನುತ್ತದೆ. ಗೆದ್ದರೆ, ಡಿಕ್ರಿಯ ಅಮಲ್ಜಾರಿಗೆ ಇನ್ನೊಮ್ಮೆ ಒಪ್ಪಿಗೆ ಬೇಕು. 1908ರ ಈ ಸಂಹಿತೆಯಲ್ಲಿ ಆ ಕಲಂ ಮುಖ್ಯವಾಗಿ ಕಾಯುತ್ತಿದ್ದದ್ದು ಮೈಸೂರು, ಬರೋಡದಂಥ ಸಂಸ್ಥಾನಗಳ ಅರಸರನ್ನು. ಬರೋಡದ ಗಾಯಕವಾಡರ ರೈಲ್ವೆಯ ಮೇಲೆ ಹೂಡಿದ ದಾವೆಯೊಂದು, ಇದು ಅರಸರ ಮೇಲಿನ ದಾವೆಯೇ, ಒಪ್ಪಿಗೆ ಪಡೆದಿಲ್ಲ ಎಂಬ ಕಾರಣಕ್ಕೆ 1938ರಲ್ಲಿ ಪ್ರಿವಿ ಕೌನ್ಸಿಲ್‌ನಲ್ಲಿ ಬಿದ್ದುಹೋಯಿತು. ಅರಸರು ಹೋದರು, ರೈಲ್ವೆಗಳು ವಿಲೀನವಾದವು. ಅಪ್ಪಣೆ ಕೇಳುವ ಪದ್ಧತಿ ಉಳಿಯಿತು.

ಅದರ ಫಲ ಏನೆಂದು ದೆಹಲಿಯ ಗುತ್ತಿಗೆದಾರರೊಬ್ಬರ ಪ್ರಕರಣ ತೋರಿಸುತ್ತದೆ. ಅಲ್ಜೀರಿಯಾದ ರಾಯಭಾರ ಕಚೇರಿಗೆ ಮಾಡಿಕೊಟ್ಟ ದುರಸ್ತಿ ಕೆಲಸದ ಬಿಲ್ಲು ಬರಲಿಲ್ಲವೆಂದು ದಾವೆಗೆ ಅನುಮತಿ ಕೇಳಿದರೆ, ರಾಜಕೀಯ ಕಾರಣಗಳಿಂದ ಕೊಡಲಾಗದು ಎಂದು ಕೇಂದ್ರ ಉತ್ತರಿಸಿತು. ಅವರು ಸುಪ್ರೀಂ ಕೋರ್ಟಿನವರೆಗೂ ಹೋಗಬೇಕಾಯಿತು. ಕಾರಣ ಕೊಟ್ಟು, ಎರಡೂ ಕಡೆ ಕೇಳಿ ಮತ್ತೆ ತೀರ್ಮಾನಿಸಿ ಎಂದು 1986ರಲ್ಲಿ ಕೋರ್ಟು ಹೇಳಿತು. ಗೋಡೆ ರಿಪೇರಿಯ ಬಿಲ್ಲಿಗೆ ಸುಪ್ರೀಂ ಕೋರ್ಟು, ಅದೂ ದುಡ್ಡು ಕೊಡಿಸಲು ಅಲ್ಲ, ದಾವೆ ಹೂಡಲು ಅನುಮತಿ ಸಿಗಬಹುದೇ ಎಂದು ಇನ್ನೊಮ್ಮೆ ಯೋಚಿಸಿ ಎನ್ನಲು!

ನ್ಯಾಯಾಲಯಗಳು ತಮ್ಮ ಕೈಲಾದಷ್ಟು ಬಿಗಿ ಸಡಿಲಿಸಿವೆ. ಮುಂಬೈಯಿಂದ ದಾರ್ ಎಸ್ ಸಲಾಮ್‌ಗೆ 1992ರಲ್ಲಿ ಕಳಿಸಿದ ಬಣ್ಣದ ಸರಕು ಹಾಳಾಯಿತೆಂದು ಇಥಿಯೋಪಿಯನ್ ಏರ್‌ಲೈನ್ಸ್ ಮೇಲೆ ಬಂದ ದೂರಿನಲ್ಲಿ, ಸರಕು ಸಾಗಿಸುವ ಕಂಪನಿ 86ನೇ ಕಲಮಿನ ಹಿಂದೆ ಅವಿತುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿತು. 2021ರ ಜೂನ್‌ನಲ್ಲಿ ದೆಹಲಿ ಹೈಕೋರ್ಟ್ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಅಫ್ಗಾನಿಸ್ತಾನದ ರಾಯಭಾರ ಕಚೇರಿಯ ಕಟ್ಟಡದ ಕೆಲಸ ಮಾಡಿದ ಭಾರತೀಯ ಕಂಪನಿ ಮತ್ತು ಇಥಿಯೋಪಿಯಾದ ಶಿಕ್ಷಣ ಸಚಿವಾಲಯಕ್ಕೆ ಪುಸ್ತಕ ಪೂರೈಸಿದ ಇನ್ನೊಂದು ಕಂಪನಿ, ಎರಡಕ್ಕೂ ಮಧ್ಯಸ್ಥಿಕೆಯ ತೀರ್ಪು 2015ರಲ್ಲೇ ಸಿಕ್ಕಿತ್ತು. ವ್ಯಾಪಾರದ ಒಪ್ಪಂದದಿಂದ ಹುಟ್ಟಿದ ಇಂಥ ತೀರ್ಪಿನ ವಸೂಲಿಗೆ ಕೇಂದ್ರದ ಒಪ್ಪಿಗೆ ಬೇಕಿಲ್ಲ ಎಂದಿತು ಹೈಕೋರ್ಟ್. ಸರಿಯಾದ ತೀರ್ಪು. ಆದರೆ ಏಕಸದಸ್ಯ ಪೀಠದ ಒಂದು ತೀರ್ಪಿನ ಮೇಲೆ ಇಡೀ ದೇಶದ ವರ್ತಕರು ಭರವಸೆ ಇಟ್ಟು ಕೂರುವುದು ಹೇಗೆ?

ಬೊಕ್ಕಸ ಜನರದಲ್ಲವೇ?

ವಿನಾಯಿತಿಯನ್ನು ಕಿರಿದು ಮಾಡಬಾರದು ಎನ್ನುವವರ ಬಳಿ ಹಗುರವಲ್ಲದ ವಾದಗಳಿವೆ. ಮೊದಲನೆಯದು, ಸರ್ಕಾರದ ಹಣ ಎಂದರೆ ಆಸ್ಪತ್ರೆ, ಶಾಲೆ, ಪಿಂಚಣಿಯ ಹಣ, ಅದನ್ನು ವಿದೇಶಿ ಫಂಡುಗಳ ಕೈಗೆ ಕೊಡುವುದೇ ಎಂಬುದು. ನಿಜ. ಅದಕ್ಕೇ ಸಾರ್ವಜನಿಕ ಕೆಲಸಕ್ಕೆ ಬಳಕೆಯಾಗುವ ಆಸ್ತಿಗೆ ರಕ್ಷಣೆ ಇರಲೇಬೇಕು, ಯಾವ ಕಾಯ್ದೆಯೂ ಅದನ್ನು ತೆಗೆದಿಲ್ಲ. ಉಳಿದದ್ದು ವ್ಯಾಪಾರದ ಆಸ್ತಿ. ಅದನ್ನೂ ಬಚ್ಚಿಟ್ಟರೆ ಉಳಿತಾಯವಾಗುವುದು ಜನರ ಹಣವೇನಲ್ಲ. ವಸೂಲಿಯಾಗುವುದಿಲ್ಲ ಎಂದು ಗೊತ್ತಿರುವ ಗುತ್ತಿಗೆದಾರ ಮುಂದಿನ ಟೆಂಡರಿನಲ್ಲಿ ಆ ಅಪಾಯದ ಬೆಲೆಯನ್ನೂ ಸೇರಿಸಿಯೇ ದರ ಬರೆಯುತ್ತಾನೆ, ಬ್ಯಾಂಕು ಬಡ್ಡಿ ಏರಿಸುತ್ತದೆ. ಆ ರಸ್ತೆಯ ಟೋಲ್ ಕಟ್ಟುವವರು ಮತ್ತೆ ಅದೇ ಜನ.

ಎರಡನೆಯದು ಹೆಚ್ಚು ಗಟ್ಟಿಯಾದ ವಾದ. ಎಲ್ಲ ತೀರ್ಪುಗಳೂ ಪ್ರಾಮಾಣಿಕವಲ್ಲ. ದೇವಾಸ್ ಬಗ್ಗೆ ನಮ್ಮ ಸುಪ್ರೀಂ ಕೋರ್ಟೇ ವಂಚನೆ ಎಂದಿದೆ. ನೈಜೀರಿಯಾದಲ್ಲಿ ಅನಿಲ ಘಟಕ ಕಟ್ಟುವ ಒಪ್ಪಂದ ಮಾಡಿಕೊಂಡು, ಒಂದು ಇಟ್ಟಿಗೆಯನ್ನೂ ಇಡದೆ, ಪಿ ಅಂಡ್ ಐಡಿ ಎಂಬ ಕಂಪನಿ 2017ರಲ್ಲಿ 660 ಕೋಟಿ ಡಾಲರ್‌ನ ತೀರ್ಪು ಪಡೆಯಿತು. ಬಡ್ಡಿ ಸೇರಿ ಅದು 1,100 ಕೋಟಿ ಡಾಲರ್‌ಗೆ ಬೆಳೆಯಿತು. ಇಂಥವರಿಂದ ಬಡ ದೇಶವನ್ನು ಉಳಿಸುವುದು ವಿನಾಯಿತಿಯೇ ಅಲ್ಲವೇ? ಆದರೆ ನೈಜೀರಿಯಾ ಉಳಿದದ್ದು ಹೇಗೆಂದು ನೋಡಿ. ಅದು ಲಂಡನ್ನಿನ ಕೋರ್ಟಿಗೆ ತಾನೇ ಹೋಗಿ, ಲಂಚದ ಮತ್ತು ಸುಳ್ಳು ಸಾಕ್ಷ್ಯದ ದಾಖಲೆ ಮುಂದಿಟ್ಟು, 2023ರ ಅಕ್ಟೋಬರಿನಲ್ಲಿ ಗೆದ್ದಿತು. ವಂಚನೆಗೆ ಮದ್ದು ಪುರಾವೆ. ವಿನಾಯಿತಿಗೆ ವಂಚಕನೂ ಒಂದೇ, ಆರು ತಿಂಗಳು ದುಡಿದು ಬಿಲ್ಲಿಗೆ ಕಾದಿರುವ ಮೇಸ್ತ್ರಿಯೂ ಒಂದೇ. ಅದು ಇಬ್ಬರನ್ನೂ ಬಾಗಿಲ ಹೊರಗೇ ನಿಲ್ಲಿಸುತ್ತದೆ.

ವಿದೇಶಾಂಗ ನೀತಿ ಸರ್ಕಾರದ ಕೈಯಲ್ಲಿರಲಿ, ಜಿಲ್ಲಾ ನ್ಯಾಯಾಲಯಗಳ ಕೈಯಲ್ಲಿ ಬೇಡ ಎನ್ನುವುದು ಮೂರನೆಯದು. ಇಲ್ಲಿ ನನಗೆ ಕಾಣುವುದು ತಿರುಗುಮುರುಗು. ಕಲಂ 86 ಇರುವವರೆಗೆ ಪ್ರತಿ ಬಿಲ್ಲೂ ವಿದೇಶಾಂಗ ಸಚಿವಾಲಯದ ಮೇಜಿಗೆ ಬರುತ್ತದೆ. ಅನುಮತಿ ಕೊಟ್ಟರೆ ಆ ದೇಶಕ್ಕೆ ಮುನಿಸು, ಕೊಡದಿದ್ದರೆ ನಮ್ಮವನಿಗೆ ನಷ್ಟ. ಕಾಯ್ದೆಯೇ ಗೆರೆ ಎಳೆದರೆ, ಇದು ಕೋರ್ಟಿನ ವಿಷಯ, ನಮ್ಮ ಕೈಯಲ್ಲಿಲ್ಲ ಎಂದು ರಾಯಭಾರಿಗೆ ಹೇಳಿ ಸಚಿವಾಲಯ ನಿಶ್ಚಿಂತೆಯಿಂದ ಇರಬಹುದು. ಅಮೆರಿಕ 1976ರಲ್ಲಿ ಕಾಯ್ದೆ ಮಾಡಿದ್ದಕ್ಕೆ ಇದೂ ಒಂದು ಕಾರಣ.

ಉಳಿದದ್ದು ಲಾಭನಷ್ಟದ ಲೆಕ್ಕ. ವಿನಾಯಿತಿ ದೊಡ್ಡದಾಗಿದ್ದರೆ ಬಾಕಿದಾರ ಭಾರತಕ್ಕೆ ಲಾಭ ಎನ್ನುವವರು, ಭಾರತದ ಮೇಲಿನ ದಾವೆಗಳು ನಡೆಯುವುದು ಪ್ಯಾರಿಸ್, ಲಂಡನ್, ಸಿಯಾಟಲ್‌ಗಳಲ್ಲಿ, ಅಲ್ಲಿನ ಕಾಯ್ದೆಯ ಪ್ರಕಾರ ಎಂಬುದನ್ನು ಮರೆಯುತ್ತಾರೆ. ನಮ್ಮ 86ನೇ ಕಲಂ ಅಲ್ಲಿ ಭಾರತಕ್ಕೆ ಒಂದು ಪೈಸೆಯನ್ನೂ ಉಳಿಸುವುದಿಲ್ಲ, ಇಲ್ಲಿ ಭಾರತೀಯರನ್ನು ಮಾತ್ರ ತಡೆಯುತ್ತದೆ. ಹೊರಗೆ ಕೆಲಸ ಹಿಡಿಯುವ ನಮ್ಮ ಕಂಪನಿಗಳೂ ಈಗ ಕಡಿಮೆಯೇನಲ್ಲ. ಆಗ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿದ್ದ ಜಿಎಂಆರ್, 2010ರಲ್ಲಿ ಮಲೇಷ್ಯಾದ ಕಂಪನಿಯ ಜೊತೆ ಸೇರಿ ಮಾಲ್ಡೀವ್ಸ್‌ನ ಮಾಲೆ ವಿಮಾನ ನಿಲ್ದಾಣದ ಗುತ್ತಿಗೆ ಪಡೆಯಿತು. 2012ರ ನವೆಂಬರಿನಲ್ಲಿ ಅಲ್ಲಿನ ಹೊಸ ಸರ್ಕಾರ ಒಪ್ಪಂದವೇ ಊರ್ಜಿತವಲ್ಲ ಎಂದು ಹೊರಹೋಗಲು ಹೇಳಿತು. ಸಿಂಗಪುರದ ಹೈಕೋರ್ಟ್ ಕೊಟ್ಟ ತಡೆಯಾಜ್ಞೆಯನ್ನು ಡಿಸೆಂಬರ್ 6ರಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ ತೆರವು ಮಾಡಿತು. ನಿಲ್ದಾಣ ಕೈಬಿಟ್ಟಿತು, ಆದರೆ ಹಣದ ಹಕ್ಕು ಉಳಿಯಿತು. ಒಪ್ಪಂದ ಊರ್ಜಿತವೇ ಎಂದು 2014ರಲ್ಲಿ ಮಧ್ಯಸ್ಥಿಕೆ ಮಂಡಳಿ ಹೇಳಿತು, 2016ರಲ್ಲಿ ಮಾಲ್ಡೀವ್ಸ್ 27 ಕೋಟಿ ಡಾಲರ್‌ಗೂ ಹೆಚ್ಚು ಕಟ್ಟಿತು. ನೆಲದ ಮೇಲೆ ಸರ್ಕಾರದ ಅಧಿಕಾರಕ್ಕೆ ಅಡ್ಡಿಯಿಲ್ಲ, ಮುರಿದ ಮಾತಿಗೆ ಬೆಲೆ ಕಟ್ಟುವುದರಿಂದ ತಪ್ಪಿಸಿಕೊಳ್ಳುವಂತಿಲ್ಲ. ವಿನಾಯಿತಿಯ ಗೆರೆ ಬೀಳಬೇಕಾದದ್ದು ಸರಿಸುಮಾರು ಇಲ್ಲೇ.

ಸಹಿಗೆ ಮುಂಚಿನ ಮೂರು ಸಾಲು

2021ರ ನವೆಂಬರಿನಲ್ಲಿ ಚೀನಾದ ಬ್ಯಾಂಕು ಉಗಾಂಡದ ಎಂಟೆಬೆ ವಿಮಾನ ನಿಲ್ದಾಣವನ್ನೇ ಕಿತ್ತುಕೊಳ್ಳುತ್ತಿದೆ ಎಂಬ ಸುದ್ದಿ ಜಗತ್ತೆಲ್ಲ ಓಡಾಡಿತು. 2015ರ ಸುಮಾರು 20 ಕೋಟಿ ಡಾಲರ್ ಸಾಲದ ಪತ್ರದಲ್ಲಿ ಉಗಾಂಡ ವಿನಾಯಿತಿಯನ್ನು ಬಿಟ್ಟುಕೊಟ್ಟದ್ದು ನಿಜ, ನಿಲ್ದಾಣವನ್ನು ಅಡವಿಟ್ಟದ್ದು ಸುಳ್ಳು. ಆಮೇಲೆ ಪ್ರಕಟವಾದ ಸಾಲಪತ್ರದ ಪ್ರಕಾರ ಬ್ಯಾಂಕಿಗೆ ಭದ್ರತೆಯಾಗಿದ್ದದ್ದು ನಿಲ್ದಾಣದ ಆದಾಯ ಬಂದು ಬೀಳುವ ಒಂದು ಖಾತೆ. ವಿನಾಯಿತಿ ಬಿಟ್ಟುಕೊಡುವ ಇಂಥ ಷರತ್ತು ಚೀನಾದ ಕುತಂತ್ರವೂ ಅಲ್ಲ. ಸರ್ಕಾರಗಳಿಗೆ ಸಾಲ ಕೊಡುವ ಲಂಡನ್, ನ್ಯೂಯಾರ್ಕ್‌ಗಳ ಪತ್ರಗಳಲ್ಲೂ ಅದು ದಿನನಿತ್ಯದ ಸಾಲು.

ಪ್ರತಿಯೊಂದು ಒಪ್ಪಂದದಲ್ಲೂ ಚೌಕಾಸಿ ಮಾಡಿ ಬರೆಸಬೇಕಾದ ಈ ವಿಷಯವನ್ನು ಎಲ್ಲರಿಗೂ ಒಂದೇ ನಿಯಮವಾಗಿಸಲೆಂದು 2004ರಲ್ಲಿ ವಿಶ್ವಸಂಸ್ಥೆ ಒಂದು ಒಪ್ಪಂದ ರೂಪಿಸಿತು. ಜಾರಿಗೆ ಬರಲು 30 ದೇಶಗಳ ಅನುಮೋದನೆ ಬೇಕು, ಇನ್ನೂ ಸಿಕ್ಕಿಲ್ಲ. ಭಾರತ 2007ರ ಜನವರಿಯಲ್ಲಿ ಸಹಿ ಹಾಕಿತು, ಅನುಮೋದಿಸಲಿಲ್ಲ. ಅನುಮೋದಿಸಿ, ಅದರ ಆಧಾರದ ಮೇಲೆ 86ನೇ ಕಲಮಿನ ಜಾಗಕ್ಕೆ ಒಂದು ಕಾಯ್ದೆ ತಂದರೆ ಸಾಕು. ಅದರಲ್ಲಿ ಯಾವ ವ್ಯವಹಾರಕ್ಕೆ ವಿನಾಯಿತಿ ಇಲ್ಲ, ಯಾವ ಆಸ್ತಿ ಮುಟ್ಟುವಂತಿಲ್ಲ, ಸರ್ಕಾರದ ಕಂಪನಿ ಯಾವಾಗ ಸರ್ಕಾರದ ಸಾಲಕ್ಕೆ ಹೊಣೆ ಎಂಬ ಮೂರು ಪ್ರಶ್ನೆಗಳಿಗೆ ನೇರ ಉತ್ತರವಿರಬೇಕು.

ಅಲ್ಲಿಯವರೆಗೆ ವಿದೇಶಿ ಸರ್ಕಾರದ ಕೆಲಸ ಹಿಡಿಯುವ ಕಂಪನಿ, ದೊಡ್ಡದಿರಲಿ ಸಣ್ಣದಿರಲಿ, ಸಹಿಗೆ ಮುಂಚೆ ಮೂರು ಸಾಲು ಹುಡುಕಬೇಕು. ವಿಚಾರಣೆಗೆ ವಿನಾಯಿತಿ ಬಿಟ್ಟಿದ್ದೇವೆ ಎಂಬುದು ಒಂದು. ವಸೂಲಿಗೂ ಬಿಟ್ಟಿದ್ದೇವೆ ಎಂಬುದು ಇನ್ನೊಂದು. ಮೊದಲನೆಯದು ಇದ್ದ ಮಾತ್ರಕ್ಕೆ ಎರಡನೆಯದೂ ಇದೆ ಎಂದು ಕೋರ್ಟುಗಳು ಊಹಿಸಿಕೊಳ್ಳುವುದಿಲ್ಲ, ಅದನ್ನು ಬೇರೆಯಾಗಿಯೇ ಬರೆಸಬೇಕು. ಒಪ್ಪಂದಕ್ಕೆ ಸಹಿ ಹಾಕುತ್ತಿರುವುದು ಸರ್ಕಾರವೋ, ಅದರ ಕಂಪನಿಯೋ ಎಂಬುದು ಮೂರನೆಯದು. ಕಂಪನಿಯಾದರೆ ಅದರ ಹೆಸರಿನಲ್ಲಿ ಹೊರದೇಶದಲ್ಲಿ ಏನಾದರೂ ಆಸ್ತಿ ಇದೆಯೇ ಎಂದು ಮೊದಲು ವಿಚಾರಿಸಿ, ಇಲ್ಲವಾದರೆ ಒಳ್ಳೆಯ ಬ್ಯಾಂಕಿನ ಗ್ಯಾರಂಟಿ ಕೇಳುವುದು ಲೇಸು.